ಹಳೆಯ ಡಿವೋರ್ಸ್ ಕಾಗದ ಕಳೆದಿದೆಯೇ? ಅಮೆರಿಕದ ವಲಸೆ ಅರ್ಜಿಗೆ ಪುರಾವೆ ಹೊಂದಿಸುವ ಬಗೆ

ಬೇರೆ ದೇಶದಲ್ಲಿ ಡಿವೋರ್ಸ್ ಆಗಿ ಎಷ್ಟೋ ವರ್ಷ ಕಳೆದಿದೆ. ಆಮೇಲೆ ಅಮೆರಿಕಕ್ಕೆ ಬಂದಿರಿ, ಇನ್ನೊಂದು ಮದುವೆಯಾದಿರಿ, ಈಗ ಹೆಂಡತಿಗೋ ಗಂಡನಿಗೋ ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದೀರಿ. ಒಂದು ದಿನ ಅಮೆರಿಕದ ವಲಸೆ ಅರ್ಜಿಗಳನ್ನು ನೋಡುವ ಇಲಾಖೆ ಯುಎಸ್‌ಸಿಐಎಸ್‌ನಿಂದ ಕಾಗದ ಬರುತ್ತದೆ. ಹಿಂದಿನ ಮದುವೆ ಕಾನೂನು ಪ್ರಕಾರ ಮುಗಿದಿದೆ ಎನ್ನುವುದಕ್ಕೆ ಪುರಾವೆ ಕಳಿಸಿ ಅಂತ. ಬೀರು ತಡಕಿದರೆ ಡಿಕ್ರಿ, ಅಂದರೆ ಡಿವೋರ್ಸ್ ಕೊಟ್ಟ ಕೋರ್ಟಿನ ಆದೇಶ, ಇಲ್ಲ. ಮೊದಲ ಸಲ ವೀಸಾಕ್ಕೆ ಕೊಟ್ಟಿದ್ದ ಫೈಲ್‌ನಲ್ಲಿ ಒಂದು ಕಾಪಿ ಇತ್ತಲ್ಲ ಅಂತ ನೆನಪಾಗುತ್ತದೆ. ಮನೆ ಬದಲಾಯಿಸಿದ ಗಲಾಟೆಯಲ್ಲಿ ಆ ಫೈಲೂ ಹೋಗಿದೆ.

ಇಂಥ ಕಾಗದ ಹುಡುಕುವುದಕ್ಕೆ ನನ್ನ ಬಳಗದ ಕೆಲವರ ಜೊತೆ ಓಡಾಡಿದ್ದೇನೆ. ನಾನು ಲಾಯರಲ್ಲ. ಆದರೆ ಎಲ್ಲರೂ ಮೊದಲು ಮಾಡುವ ತಪ್ಪು ಒಂದೇ ಅಂತ ಗೊತ್ತಾಗಿದೆ. ಕಾಗದ ಸಿಗಲಿಲ್ಲ ಅಂತ ಕೂತು ತಮ್ಮ ಕಥೆಯನ್ನು ಮೂರು ಪುಟ ಬರೆದು ಕಳಿಸುತ್ತಾರೆ. ಆಫೀಸರಿಗೆ ಕಥೆ ಬೇಡ. ಅವರಿಗೆ ಬೇಕಿರುವುದು ಒಂದು ತಾರೀಕು, ಆ ತಾರೀಕಿನ ಹಿಂದೆ ನಿಂತಿರುವ ಒಂದು ಅಧಿಕಾರ. ಯಾವ ದಿನ, ಯಾವ ಕೋರ್ಟು ಅಥವಾ ಕಚೇರಿ ಆ ಮದುವೆಯನ್ನು ಮುಗಿಸಿತು? ಆ ದಿನ ಈಗಿನ ಮದುವೆಗಿಂತ ಮುಂಚೆ ಬರುತ್ತದೆಯೇ? ಅಷ್ಟೇ ಪ್ರಶ್ನೆ. ಮುಂದಿನ ಹುಡುಕಾಟವೆಲ್ಲ ಇದರ ಸುತ್ತಲೇ.

ಇನ್ನೊಂದು ಮಾತು. ಡಿವೋರ್ಸ್ ಆದದ್ದು ನಿಮಗೋ ನಿಮ್ಮ ಸಂಗಾತಿಗೋ ಅನ್ನುವುದು ಮುಖ್ಯವಲ್ಲ. ಸಂಗಾತಿಗೆ ಗ್ರೀನ್ ಕಾರ್ಡ್ ಕೋರಿ ಹಾಕುವ ಐ-130 ಅರ್ಜಿಯಲ್ಲಿ ಇಬ್ಬರ ಎಲ್ಲ ಹಿಂದಿನ ಮದುವೆಗಳೂ ಮುಗಿದಿವೆ ಅಂತ ತೋರಿಸಬೇಕು. ಮದುವೆಗೆ ಮುಂಚೆ ಹಾಕುವ ಐ-129ಎಫ್ ಅರ್ಜಿಗೂ ಇದೇ ನಿಯಮ. ಅಮೆರಿಕನ್ ಪ್ರಜೆಯನ್ನು ಮದುವೆಯಾಗಿ ಮೂರು ವರ್ಷದ ಲೆಕ್ಕದಲ್ಲಿ ಪೌರತ್ವದ ಅರ್ಜಿ ಎನ್-400 ಹಾಕುವವರನ್ನೂ ಇದೇ ಕೇಳುತ್ತಾರೆ. ಮೂವತ್ತು ವರ್ಷದ ಹಿಂದೆ ಆರು ತಿಂಗಳು ಮಾತ್ರ ನಡೆದ ಮದುವೆಯಾದರೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಎರಡು ತಾರೀಕು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಹಿಂದಿನ ಮದುವೆ ಅಂತಿಮವಾಗಿ ಮುಗಿದ ದಿನ, ಬಲಗಡೆ ಈಗಿನ ಮದುವೆಯ ದಿನ. ಎಡಗಡೆಯದು ಮುಂಚೆ ಬರಬೇಕು. ಇಲ್ಲಿ "ಅಂತಿಮವಾಗಿ" ಅನ್ನುವ ಮಾತಿಗೆ ಗಮನ ಕೊಡಿ. ಹಲವು ದೇಶಗಳಲ್ಲಿ ಡಿವೋರ್ಸ್ ಒಂದೇ ಏಟಿಗೆ ಮುಗಿಯುವುದಿಲ್ಲ.

ಇಂಗ್ಲೆಂಡಿನಲ್ಲಿ ಮೊದಲು ಡಿಕ್ರಿ ನೈಸೈ, ಆಮೇಲೆ ಡಿಕ್ರಿ ಆಬ್ಸಲ್ಯೂಟ್. 2022ರ ಏಪ್ರಿಲ್ 6ರಿಂದ ಅವುಗಳ ಹೆಸರು ಕಂಡೀಷನಲ್ ಆರ್ಡರ್, ಫೈನಲ್ ಆರ್ಡರ್ ಅಂತಾಗಿದೆ. ಮೊದಲನೆಯದನ್ನು ಕಳಿಸಿದರೆ ಮದುವೆ ಮುಗಿದಿದೆ ಅಂತ ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಆದೇಶ ಆದ ಮೇಲೆ ಒಂದು ತಿಂಗಳು ಒಂದು ದಿನ ಕಳೆಯಬೇಕು. ಕೆನಡಾದಲ್ಲಿ ಸಾಮಾನ್ಯವಾಗಿ ತೀರ್ಪಿನ 31ನೇ ದಿನ ಜಾರಿಗೆ ಬರುತ್ತದೆ. ಭಾರತದಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕೆಳಗೆ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವಾಗ ಎರಡು ಮೋಷನ್, ಅಂದರೆ ಕೋರ್ಟಿನ ಮುಂದೆ ಎರಡು ಹಂತ, ಇರುತ್ತವೆ. ಮೊದಲ ಮೋಷನ್‌ನ ಆದೇಶವನ್ನೇ ಡಿಕ್ರಿ ಅಂತ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ.

ಕಾಗದ ಕೈಲಿದ್ದರೂ ತಾರೀಕು ತಪ್ಪುವುದುಂಟು. ನನ್ನ ಪರಿಚಯದ ಒಬ್ಬರ ಬಳಿ ಭಾರತದ ಕೋರ್ಟಿನ ಸರ್ಟಿಫೈಡ್ ಕಾಪಿ ಇತ್ತು. ಕೊನೆಯ ಪುಟದ ಹಿಂದೆ ಒಂದು ರಬ್ಬರ್ ಸ್ಟ್ಯಾಂಪ್, ಅದರೊಳಗೆ ಪೆನ್ನಿನಲ್ಲಿ ತುಂಬಿದ ಮೂರು ತಾರೀಕು. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ನಕಲು ಕೊಟ್ಟ ದಿನ. ಅವರು ಅರ್ಜಿಯಲ್ಲಿ ಈ ಮೂರನೆಯದನ್ನೇ ಡಿವೋರ್ಸ್ ಆದ ದಿನ ಅಂತ ತುಂಬಿದ್ದರು. ನಕಲು ತೆಗೆದದ್ದು ಎರಡನೇ ಮದುವೆಯಾದ ಮೇಲೆ! ಆಫೀಸರ ಕಣ್ಣಿಗೆ ಮೊದಲ ಮದುವೆ ಇರುವಾಗಲೇ ಎರಡನೆಯದು ಆದಂತೆ ಕಂಡಿತು. ಡಿಕ್ರಿಯ ತಾರೀಕು ಮೊದಲ ಪುಟದಲ್ಲೇ ಇತ್ತು, ಎರಡು ವರ್ಷ ಮುಂಚಿನದು. ಅದನ್ನು ತೋರಿಸಿ ವಿವರಿಸುವುದಕ್ಕೆ ನಾಲ್ಕು ತಿಂಗಳು ಹೋಯಿತು.

ನಿಜವಾಗಿಯೂ ತಾರೀಕು ಹಿಂದುಮುಂದಾಗಿದ್ದರೆ ಪುರಾವೆ ಹುಡುಕಿ ಪ್ರಯೋಜನವಿಲ್ಲ. ಈಗಿನ ಮದುವೆಗೇ ಕಾನೂನಿನ ಬಲ ಇಲ್ಲದಿರಬಹುದು. ಆಗ ಸಾಮಾನ್ಯವಾಗಿ ಮತ್ತೊಮ್ಮೆ ಮದುವೆಯಾಗಿ ಹೊಸ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ ಮುಂಚೆ ಒಬ್ಬ ವಲಸೆ ಲಾಯರನ್ನು ನೋಡಿ. ಯುಎಸ್‌ಸಿಐಎಸ್‌ಗೆ ಏನನ್ನಾದರೂ ಬರೆಯುವ ಮುಂಚೆಯೇ ನೋಡಿ.

ಹಾಗೆಯೇ, ಮಾಜಿ ಸಂಗಾತಿ ನಿಮ್ಮ ಮರುಮದುವೆಗೆ ಮುಂಚೆಯೇ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರ ಒಂದೇ ಸಾಕಾಗಬಹುದು. ಮದುವೆ ಮುಗಿದದ್ದು ಯಾವುದರಿಂದ ಅನ್ನುವುದಕ್ಕಿಂತ ಮುಗಿದಿತ್ತು ಅನ್ನುವುದು ಮುಖ್ಯ.

ಆ ದೇಶದಲ್ಲಿ ಯಾವ ಕಾಗದ ನಡೆಯುತ್ತದೆ?

"ಡಿವೋರ್ಸ್ ಡಿಕ್ರಿ ಕಳಿಸಿ" ಅಂತ ಕೇಳಿದ್ದಾರೆ ಅಂದ ಮಾತ್ರಕ್ಕೆ ಎಲ್ಲ ದೇಶದಲ್ಲೂ ಡಿಕ್ರಿ ಇರಬೇಕು ಅಂತೇನಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ ವೆಬ್‌ಸೈಟಿನಲ್ಲಿ ದೇಶವಾರು ಪುಟಗಳಿವೆ. ರೆಸಿಪ್ರಾಸಿಟಿ ಪುಟ ಅಂತ ಕರೆಯುತ್ತಾರೆ. ಯಾವ ದೇಶದ ಡಿವೋರ್ಸ್ ಕಾಗದ ಹೇಗಿರುತ್ತದೆ, ಯಾರು ಕೊಡುತ್ತಾರೆ, ಯಾವ ಕಾಲದ ದಾಖಲೆ ಸಿಗುವುದಿಲ್ಲ ಅಂತ ಅಲ್ಲಿ ಬರೆದಿರುತ್ತದೆ. ಆಫೀಸರು ನೋಡುವುದೂ ಅದನ್ನೇ. ನಿಮ್ಮ ದೇಶದ ಪುಟವನ್ನು ಮೊದಲು ಓದಿ, ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಜಪಾನ್ ಒಳ್ಳೆಯ ಉದಾಹರಣೆ. ಅಲ್ಲಿ ಬಹುಪಾಲು ಡಿವೋರ್ಸ್‌ಗಳು ಕೋರ್ಟಿನ ಮೆಟ್ಟಿಲು ಹತ್ತುವುದೇ ಇಲ್ಲ. ಇಬ್ಬರೂ ಸಹಿ ಹಾಕಿದ ಅರ್ಜಿಯನ್ನು ಊರಿನ ಪುರಸಭೆಯಂಥ ಕಚೇರಿಗೆ ಕೊಟ್ಟರೆ ಆಯಿತು. ಆದ್ದರಿಂದ ಡಿಕ್ರಿ ಅನ್ನುವುದೇ ಇರುವುದಿಲ್ಲ. ಕುಟುಂಬದ ನೋಂದಣಿ ಪುಸ್ತಕ ಕೊಸೆಕಿಯಲ್ಲಿ ಡಿವೋರ್ಸ್ ನಮೂದಾಗಿರುತ್ತದೆ, ಅದರ ನಕಲೇ ಪುರಾವೆ. ಚೀನಾದಲ್ಲಿ ಒಪ್ಪಿಗೆಯ ಡಿವೋರ್ಸ್ ಆದರೆ ನಾಗರಿಕ ವ್ಯವಹಾರಗಳ ಕಚೇರಿ ಪುಟ್ಟ ಪುಸ್ತಕದಂಥ ಡಿವೋರ್ಸ್ ಸರ್ಟಿಫಿಕೇಟ್ ಕೊಡುತ್ತದೆ. ಕೋರ್ಟಿನಲ್ಲಿ ಆಗಿದ್ದರೆ ತೀರ್ಪು ಅಥವಾ ರಾಜಿ ಪತ್ರ ಇರುತ್ತದೆ.

ಬ್ರೆಜಿಲ್, ಫ್ರಾನ್ಸ್‌ನಂಥ ಕಡೆ ಮದುವೆಯ ದಾಖಲೆಯ ಮೇಲೆಯೇ ಡಿವೋರ್ಸ್ ಆಯಿತು ಅಂತ ಷರಾ ಬರೆಯುತ್ತಾರೆ. ಡಿಕ್ರಿ ಕಳೆದುಹೋಗಿದ್ದರೆ ಮದುವೆ ಸರ್ಟಿಫಿಕೇಟಿನ ಹೊಸ ನಕಲು ತರಿಸಿ ನೋಡಿ. ಹಳೆಯ ನಕಲಿನಲ್ಲಿ ಇಲ್ಲದ ಷರಾ ಹೊಸದರಲ್ಲಿ ಇರುತ್ತದೆ. ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಮೆಕ್ಸಿಕೋದಲ್ಲಿ ಡಿವೋರ್ಸ್‌ಗೇ ಬೇರೆ ನೋಂದಣಿ ಪತ್ರ ಇದೆ, ಸಿವಿಲ್ ರಿಜಿಸ್ಟ್ರಿಯಲ್ಲಿ ಸಿಗುತ್ತದೆ.

ಪಾಕಿಸ್ತಾನದಲ್ಲಿ 1961ರ ಮುಸ್ಲಿಂ ಕೌಟುಂಬಿಕ ಕಾನೂನು ಸುಗ್ರೀವಾಜ್ಞೆ ಪ್ರಕಾರ ತಲಾಖ್ ನೋಟಿಸು ಯೂನಿಯನ್ ಕೌನ್ಸಿಲ್‌ಗೆ ಹೋಗಬೇಕು. 90 ದಿನ ಕಳೆದ ಮೇಲೆ ಅಲ್ಲಿಂದ ಸರ್ಟಿಫಿಕೇಟ್. ಮನೆಯಲ್ಲಿ ಬರೆದುಕೊಟ್ಟ ತಲಾಖ್‌ನಾಮೆ ಒಂದೇ ಇದ್ದರೆ ಸಾಲುವುದು ಕಷ್ಟ. ಫಿಲಿಪೀನ್ಸ್‌ನಲ್ಲಿ ಹೆಚ್ಚಿನವರಿಗೆ ಡಿವೋರ್ಸ್ ಅನ್ನುವುದೇ ಕಾನೂನಿನಲ್ಲಿಲ್ಲ. ಅಲ್ಲಿ ಮದುವೆ ರದ್ದು ಮಾಡಿದ ಕೋರ್ಟ್ ಆದೇಶ ಬೇಕು. ಮುಸ್ಲಿಮರಿಗೆ ಮಾತ್ರ 1977ರ ಕಾನೂನಿನಲ್ಲಿ ಬೇರೆ ದಾರಿ ಇದೆ.

ನಕಲಿಗೆ ಮೂಲದ ಕಚೇರಿಗೇ ಹೋಗಿ

ಡಿವೋರ್ಸ್ ಕೊಟ್ಟ ಕೋರ್ಟು ಅಥವಾ ನೋಂದಣಿ ಕಚೇರಿಯಿಂದ ಸೀಲು, ಸಹಿ ಇರುವ ಹೊಸ ನಕಲು ಸಿಕ್ಕರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗುವುದೇ ಇಲ್ಲ. ಆದ್ದರಿಂದ ಜಾಸ್ತಿ ಶ್ರಮ ಇಲ್ಲೇ ಹಾಕಿ.

ಅರ್ಜಿಯಲ್ಲಿ ಇಬ್ಬರ ಪೂರ್ತಿ ಹೆಸರು, ಆಗಿನ ಕಾಗುಣಿತದಲ್ಲಿ. ಮದುವೆಯ ದಿನ ಮತ್ತು ಊರು. ಡಿವೋರ್ಸ್ ಆದ ವರ್ಷ, ಗೊತ್ತಿಲ್ಲದಿದ್ದರೆ ಇಷ್ಟರಿಂದ ಇಷ್ಟು ವರ್ಷದೊಳಗೆ ಅಂತ. ಕೇಸ್ ನಂಬರ್ ಇದ್ದರೆ ಅದು. ಭಾರತದ ಕೇಸಾದರೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಇಬ್ಬರ ಹೆಸರು ಹಾಕಿ ಹುಡುಕಿ. ಸಿಕ್ಕರೆ ಆ ಕೇಸಿನ ಗುರುತಾದ 16 ಅಕ್ಷರದ ಸಿಎನ್‌ಆರ್ ನಂಬರ್ ಬರುತ್ತದೆ, ನಕಲು ಶಾಖೆಯವರ ಕೆಲಸ ಸುಲಭವಾಗುತ್ತದೆ. ತೀರಾ ಹಳೆಯ ಕೇಸುಗಳು ಅಲ್ಲಿ ಇಲ್ಲದಿರಬಹುದು, ಆಗ ರೆಕಾರ್ಡ್ ರೂಮೇ ಗತಿ. ಇಂಗ್ಲೆಂಡ್‌ನದಾದರೆ ಯಾವ ಕೋರ್ಟು ಅಂತ ಗೊತ್ತಿಲ್ಲದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಡಿ440 ಅನ್ನುವ ಫಾರಂ ಹಾಕಿದರೆ ಹತ್ತು ಹತ್ತು ವರ್ಷದ ಲೆಕ್ಕದಲ್ಲಿ ಅಲ್ಲಿನ ಸೂಚಿಯನ್ನು ಹುಡುಕಿಕೊಡುತ್ತಾರೆ.

ನೀವೇ ಹೋಗಲು ಆಗದಿದ್ದರೆ ಅಲ್ಲಿರುವ ನೆಂಟರಿಗೋ ಲಾಯರಿಗೋ ಅಧಿಕಾರ ಪತ್ರ ಬರೆದುಕೊಡಿ. ಆ ಪತ್ರಕ್ಕೆ ಕಾನ್ಸುಲೇಟಿನ ಮುದ್ರೆ ಬೇಕೇ ಅಂತ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಒಂದು ಟ್ರಿಪ್ ವೇಸ್ಟ್.

ಆಗಿನ ಲಾಯರನ್ನು ಮರೆಯಬೇಡಿ. ಹಳೆಯ ಫೈಲುಗಳನ್ನು ಕಟ್ಟಿ ಅಟ್ಟದ ಮೇಲೆ ಇಟ್ಟಿರುವ ಲಾಯರುಗಳು ಬೇಕಾದಷ್ಟು ಜನ. ಇನ್ನು ಹೇಳಲು ಸ್ವಲ್ಪ ಮುಜುಗರದ ಮಾತು. ಅದೇ ಡಿಕ್ರಿಯ ಇನ್ನೊಂದು ಪ್ರತಿ ನಿಮ್ಮ ಮಾಜಿ ಗಂಡನ ಅಥವಾ ಹೆಂಡತಿಯ ಬಳಿ ಇರುತ್ತದೆ. ಅವರೂ ಮತ್ತೆ ಮದುವೆಯಾಗಿದ್ದರೆ ಖಂಡಿತ ಎಲ್ಲೋ ಜೋಪಾನ ಮಾಡಿರುತ್ತಾರೆ. ನೇರವಾಗಿ ಮಾತಾಡಲು ಮನಸ್ಸಿಲ್ಲದಿದ್ದರೆ ಇಬ್ಬರಿಗೂ ಬೇಕಾದ ಯಾರಾದರೂ ಮಧ್ಯೆ ಇದ್ದೇ ಇರುತ್ತಾರಲ್ಲ, ಅವರ ಮೂಲಕ ಕೇಳಿಸಿ. ನಾನು ಕಂಡಂತೆ ಬೇಗ ಕೆಲಸ ಆದದ್ದು ಬಹಳ ಸಲ ಇದೇ ದಾರಿಯಲ್ಲಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಬಂದರೂ ಸಾಕು, ಕೇಸ್ ನಂಬರ್ ಸಿಕ್ಕಿಬಿಡುತ್ತದೆ.

ಅದೇ ದಿನ ಫೋಯಾ ಅರ್ಜಿ ಹಾಕಿ

ಹೊರದೇಶದಿಂದ ಉತ್ತರ ಬರಲಿ ಅಂತ ಕಾಯುತ್ತಾ ಕೂರಬೇಡಿ. ನೀವು ಹಿಂದೆ ಯಾವುದಾದರೂ ಅಮೆರಿಕನ್ ವಲಸೆ ಅರ್ಜಿಯಲ್ಲಿ ಆ ಡಿಕ್ರಿ ಕೊಟ್ಟಿದ್ದರೆ ಅದರ ಪ್ರತಿ ಸರ್ಕಾರದ ಬಳಿಯೇ ಇರುತ್ತದೆ. ಒಬ್ಬೊಬ್ಬ ವಲಸಿಗನ ಹೆಸರಿನಲ್ಲೂ ಒಂದು ಎ-ಫೈಲ್ ಇರುತ್ತದೆ. ಗ್ರೀನ್ ಕಾರ್ಡಿನ ಮೇಲೆ ಯುಎಸ್‌ಸಿಐಎಸ್ ನಂಬರ್ ಅಂತ ಇರುವುದೇ ಆ ಫೈಲಿನ ನಂಬರು. ಕಾನ್ಸುಲೇಟಿನಲ್ಲಿ ವಲಸೆ ವೀಸಾ ಪಡೆದು ಬಂದವರ ಕಾಗದಗಳೂ ಕೊನೆಗೆ ಸೇರುವುದು ಅಲ್ಲಿಗೇ. 2003ರ ಮಾರ್ಚ್ 1ಕ್ಕೆ ಮುಂಚೆ ಬಂದವರ ಕೇಸನ್ನು ನೋಡಿದ್ದು ಐಎನ್‌ಎಸ್ ಅನ್ನುವ ಹಳೆಯ ಇಲಾಖೆ. ಅದು ಮುಚ್ಚಿದರೂ ಫೈಲುಗಳು ಮುಂದುವರಿದಿವೆ.

ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಕೆಳಗೆ ಆ ಫೈಲಿನ ಪ್ರತಿ ಕೇಳಬಹುದು. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಎಲ್ಲರೂ ಫೋಯಾ ಅನ್ನುತ್ತಾರೆ. ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲಿ ಖಾತೆ ತೆರೆದು ಆನ್‌ಲೈನಿನಲ್ಲೇ ಹಾಕಬಹುದು. ಉತ್ತರ ಪಿಡಿಎಫ್ ರೂಪದಲ್ಲಿ ಅಲ್ಲಿಗೇ ಬರುತ್ತದೆ.

ಇಲ್ಲಿ ಒಂದು ಉಪಾಯ. "ನನ್ನ ಪೂರ್ತಿ ಫೈಲ್ ಕೊಡಿ" ಅಂತ ಬರೆದರೆ ಅದು ದೊಡ್ಡ ಅರ್ಜಿಗಳ ಸಾಲಿಗೆ ಹೋಗುತ್ತದೆ. "ಇಂಥ ವರ್ಷದ ಐ-130 ಅಥವಾ ವಲಸೆ ವೀಸಾ ಅರ್ಜಿ ಜೊತೆ ಕೊಟ್ಟ ಡಿವೋರ್ಸ್ ಡಿಕ್ರಿ ಮತ್ತು ಅದರ ಅನುವಾದ" ಅಂತ ಬಿಡಿಸಿ ಕೇಳಿದರೆ ಸಣ್ಣ ಅರ್ಜಿಗಳ ಸಾಲಿಗೆ ಬೀಳುತ್ತದೆ. ಅದು ಬೇಗ ಸಾಗುತ್ತದೆ. ಆದರೂ ಆಗ ಕೊಟ್ಟ ಅರ್ಜಿ ಫಾರಂಗಳ ಪ್ರತಿಯನ್ನೂ ಅದರಲ್ಲೇ ಸೇರಿಸಿ ಕೇಳಿ. ಯಾಕೆ ಅಂದರೆ ಡಿಕ್ರಿಯೇ ಇಲ್ಲದಿದ್ದರೂ ಆ ಫಾರಂನಲ್ಲಿ ಹಿಂದಿನ ಸಂಗಾತಿಯ ಹೆಸರು, ಮದುವೆ ಮುಗಿದ ದಿನ ನೀವೇ ಬರೆದಿರುತ್ತೀರಿ. ಈಗ ಬರೆಯುವುದು ಅದಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಅದನ್ನು ಮೊದಲು ಕಂಡುಹಿಡಿಯಬೇಕಾದವರು ನೀವು, ಆಫೀಸರಲ್ಲ.

ಉತ್ತರ ಕೊಡಲು ಕಾನೂನಿನಲ್ಲಿ 20 ಕೆಲಸದ ದಿನ ಅಂತಿದೆ. ಅದನ್ನು ನಂಬಿ ಪ್ಲಾನ್ ಮಾಡಬೇಡಿ. ಮಾಜಿ ಸಂಗಾತಿಯ ಫೈಲ್ ಬೇಕಿದ್ದರೆ ಅವರ ಒಪ್ಪಿಗೆ ಸಹಿ ಬೇಕು. ಅರ್ಜಿ ಹಾಕಿದಾಗ ಬರುವ ಕಂಟ್ರೋಲ್ ನಂಬರಿನ ಪುಟವನ್ನು ಉಳಿಸಿಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಿಂದೆ ನಕಲಿನ ಬದಲು ಮೂಲ ಡಿಕ್ರಿಯನ್ನೇ ಕೊಟ್ಟುಬಿಟ್ಟಿದ್ದೀರಾ? ಅದನ್ನು ವಾಪಸ್ ಕೇಳಲು ಜಿ-884 ಅಂತ ಬೇರೆ ಫಾರಂ ಇದೆ.

"ದಾಖಲೆ ಇಲ್ಲ" ಅಂದರೆ ಹಿಂಬರಹ ಬರೆಸಿಕೊಳ್ಳಿ

ಕೋರ್ಟಿಗೆ ಬೆಂಕಿ ಬಿದ್ದಿರಬಹುದು, ಯುದ್ಧದಲ್ಲಿ ಕಚೇರಿಯೇ ನೆಲಸಮವಾಗಿರಬಹುದು, ಅವಧಿ ಮುಗಿದ ಕಡತಗಳನ್ನು ನಾಶ ಮಾಡಿರಬಹುದು. ಆಗ ಕೌಂಟರಿನಲ್ಲಿ "ಇಲ್ಲಪ್ಪಾ, ಸಿಗಲ್ಲ" ಅನ್ನುತ್ತಾರೆ. ಆ ಮಾತು ಕೇಳಿ ವಾಪಸ್ ಬರಬೇಡಿ. ಅದನ್ನೇ ಬರೆದುಕೊಡಲು ಕೇಳಿ. ಹಿಂಬರಹ ಅಂದರೆ ಅದೇ.

ಯಾಕೆ ಅಂದರೆ ಅಮೆರಿಕದ ವಲಸೆ ನಿಯಮದಲ್ಲಿ ಒಂದು ಮೆಟ್ಟಿಲ ಸಾಲು ಇದೆ. ಮೊದಲು ಮೂಲ ದಾಖಲೆ. ಅದು ಸಿಗುವುದಿಲ್ಲ ಅಂತ ತೋರಿಸಿದರೆ ಮಾತ್ರ ಪೂರಕ ದಾಖಲೆ. ಅದೂ ಸಿಗುವುದಿಲ್ಲ ಅಂತ ತೋರಿಸಿದರೆ ಮಾತ್ರ ಅಫಿಡವಿಟ್. ಮಧ್ಯದ ಮೆಟ್ಟಿಲು ಹಾರುವ ಹಾಗಿಲ್ಲ. ಕಾಗದ ಇಲ್ಲದಿದ್ದರೆ ನಿಮಗೆ ಅರ್ಹತೆ ಇಲ್ಲ ಅಂತಲೇ ನಿಯಮ ಊಹಿಸಿಕೊಳ್ಳುತ್ತದೆ, ಆ ಊಹೆಯನ್ನು ಬೀಳಿಸುವುದು ನಿಮ್ಮ ಕೆಲಸ. ಅಮೆರಿಕದ ಫೆಡರಲ್ ನಿಯಮಾವಳಿಯ ಎಂಟನೇ ಶೀರ್ಷಿಕೆಯ (8 CFR) 103.2 ನಿಯಮದಲ್ಲಿ ಇದೆಲ್ಲ ಇದೆ. ಲಾಯರ ಜೊತೆ ಮಾತಾಡುವಾಗ ಈ ನಂಬರ್ ಹೇಳಿದರೆ ಸಾಕು.

ಆ ಹಿಂಬರಹದಲ್ಲಿ ಏನಿರಬೇಕು ಅಂತಲೂ ನಿಯಮ ಹೇಳುತ್ತದೆ. ಕಚೇರಿಯ ಲೆಟರ್‌ಹೆಡ್ ಮೇಲಿರಬೇಕು. ದಾಖಲೆ ಯಾಕೆ ಇಲ್ಲ ಅಂತ ಕಾರಣ ಇರಬೇಕು. ಆ ಊರಿನ, ಆ ಕಾಲದ ಅದೇ ಥರದ ಬೇರೆ ದಾಖಲೆಗಳು ಸಿಗುತ್ತವೆಯೇ ಇಲ್ಲವೇ ಅಂತಲೂ ಇರಬೇಕು. ಈ ಕೊನೆಯ ಅಂಶವನ್ನು ಕಚೇರಿಯವರು ತಾವಾಗಿ ಬರೆಯುವುದಿಲ್ಲ, ನೀವು ಬಾಯಿಬಿಟ್ಟು ಕೇಳಬೇಕು. ಹೀಗೆ ಬರೆಸಿಕೊಳ್ಳಬಹುದು: "ಅರ್ಜಿದಾರರು ಹೇಳಿದ ಹೆಸರುಗಳಲ್ಲಿ 1994ರಿಂದ 1997ರವರೆಗಿನ ರಿಜಿಸ್ಟರ್‌ಗಳನ್ನು ಹುಡುಕಲಾಗಿದೆ. 1996ರ ಕಡತಗಳು ನೀರು ನುಗ್ಗಿ ಹಾಳಾಗಿರುವುದರಿಂದ ಆ ವರ್ಷದ ಯಾವ ವಿಚ್ಛೇದನ ದಾಖಲೆಯೂ ಈ ಕಚೇರಿಯಲ್ಲಿ ಲಭ್ಯವಿಲ್ಲ." ಎರಡೇ ವಾಕ್ಯ. ಆದರೆ ಏನು ಹುಡುಕಿದರು, ಯಾವ ವರ್ಷದ್ದು, ಯಾಕೆ ಇಲ್ಲ ಎಲ್ಲ ಬಂತು.

ಹುಡುಕದೇ ಸುಮ್ನೆ "ಸಿಕ್ಕಿಲ್ಲ" ಅಂತ ಬರೆದ ಪತ್ರಕ್ಕೆ ಅಷ್ಟು ಬೆಲೆ ಇಲ್ಲ. ಕಚೇರಿಯವರು ಉತ್ತರವನ್ನೇ ಕೊಡದಿದ್ದರೆ? ಮತ್ತೆ ಮತ್ತೆ ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದ್ದೀರಿ ಅಂತ ತೋರಿಸುವುದಕ್ಕೆ ನಿಯಮದಲ್ಲೇ ಅವಕಾಶ ಇದೆ. ರಿಜಿಸ್ಟರ್ಡ್ ಪೋಸ್ಟ್ ರಸೀದಿ, ಇಮೇಲ್, ಕಟ್ಟಿದ ಶುಲ್ಕದ ಚೀಟಿ, ಹೋಗಿಬಂದ ದಿನದ ಟಿಪ್ಪಣಿ ಎಲ್ಲ ಜೋಡಿಸಿಡಿ. ಮೇಲೆ ಹೇಳಿದ ಫೋಯಾ ನಂಬರೂ ಇದರಲ್ಲಿ ಸೇರುತ್ತದೆ. ಹುಡುಕಿದ ಜಾಡೇ ಅರ್ಧ ಪುರಾವೆ.

ಆ ದೇಶದಲ್ಲಿ ಅಂಥ ದಾಖಲೆ ಸಾಮಾನ್ಯವಾಗಿ ಇರುವುದೇ ಇಲ್ಲ ಅಂತ ವಿದೇಶಾಂಗ ಇಲಾಖೆಯ ಕೈಪಿಡಿಯೇ ಹೇಳಿದ್ದರೆ ಹಿಂಬರಹ ಬೇಕಾಗುವುದಿಲ್ಲ. ಆಗಲೇ ಪ್ರಿಂಟ್ ತೆಗೆದಿಟ್ಟ ಪುಟ ನಿಮ್ಮ ಪರವಾಗಿ ಮಾತಾಡುತ್ತದೆ.

ಪೂರಕ ದಾಖಲೆಗಳು ಎಲ್ಲೆಲ್ಲಿ ಅಡಗಿರುತ್ತವೆ

ಡಿವೋರ್ಸ್ ಆದ ಮೇಲೆ ಮನುಷ್ಯ ಹತ್ತಾರು ಕಡೆ "ನನಗೆ ಡಿವೋರ್ಸ್ ಆಗಿದೆ" ಅಂತ ಹೇಳಬೇಕಾಗುತ್ತದೆ. ಹೇಳಿದ ಕಡೆಯೆಲ್ಲ ಒಂದು ಕಾಗದ ಹುಟ್ಟುತ್ತದೆ.

ಅಮೆರಿಕದಲ್ಲೇ ಮರುಮದುವೆ ಆಗಿದ್ದರೆ ಮೊದಲು ನೋಡಬೇಕಾದ್ದು ಮದುವೆ ಲೈಸೆನ್ಸ್ ಅರ್ಜಿ. ಸರ್ಟಿಫಿಕೇಟ್ ಅಲ್ಲ, ಅರ್ಜಿ. ಹಲವು ಕೌಂಟಿಗಳಲ್ಲಿ ಹಿಂದಿನ ಮದುವೆ ಹೇಗೆ, ಎಲ್ಲಿ, ಯಾವ ದಿನ ಮುಗಿಯಿತು ಅಂತ ಪ್ರಮಾಣ ಮಾಡಿ ಬರೆಸಿಕೊಂಡಿರುತ್ತಾರೆ. ಕೆಲವು ಕಡೆ ಡಿಕ್ರಿಯನ್ನೂ ನೋಡಿರುತ್ತಾರೆ. ಆ ಅರ್ಜಿಯ ನಕಲನ್ನು ಕೌಂಟಿ ಕ್ಲರ್ಕ್ ಹತ್ತಿರ ಕೇಳಿ.

ಆಮೇಲೆ ಮಕ್ಕಳ ಪಾಲನೆ, ಜೀವನಾಂಶದ ಆದೇಶಗಳು. ಅವುಗಳಲ್ಲಿ ಡಿವೋರ್ಸ್ ಕೇಸಿನ ನಂಬರು, ದಿನ ಬಂದಿರುತ್ತದೆ. ಆಸ್ತಿ ಹಂಚಿಕೆಯ ಪತ್ರ, ಹೆಸರು ಬದಲಾದ ಹಳೆಯ ಪಾಸ್‌ಪೋರ್ಟು, ಪೆನ್ಷನ್ ಅಥವಾ ವಿಮೆಯ ನಾಮಿನಿ ಬದಲಾಯಿಸಿದ ಕಾಗದ. ಮಾಜಿ ಸಂಗಾತಿಯ ಮರುಮದುವೆ ಸರ್ಟಿಫಿಕೇಟ್ ಸಿಕ್ಕರಂತೂ ಒಳ್ಳೆಯದು, ಇಂಗ್ಲೆಂಡಿನಂಥ ಕಡೆ ಅದರಲ್ಲೇ ಹಿಂದಿನ ಮದುವೆ ವಿಸರ್ಜನೆಯಾಗಿದೆ ಅಂತ ಸ್ಥಿತಿ ಬರೆದಿರುತ್ತಾರೆ.

ಎಲ್ಲವನ್ನೂ ತುರುಕಿ ಕಳಿಸಬೇಕು ಅಂತಿಲ್ಲ. ತಾರೀಕು ಹೇಳುವ ಕಾಗದ ಮುಂದೆ ಇರಲಿ, ಬರೀ "ಒಂಟಿ" ಅಂತ ಬರೆದ ತೆರಿಗೆ ಕಾಗದದಂಥವು ಹಿಂದೆ. ಒಟ್ಟಿನಲ್ಲಿ ನೋಡಿದಾಗ ನಿಮ್ಮ ಮಾತು ನಿಜ ಇರುವ ಸಾಧ್ಯತೆ ಸುಳ್ಳಿಗಿಂತ ಹೆಚ್ಚು ಅನ್ನಿಸಬೇಕು. ಅಮೆರಿಕದ ವಲಸೆ ಕೇಸಾದ 2010ರ ಛಾವಥೆ ಪ್ರಕರಣದಲ್ಲಿ ವಿವರಿಸಿದ ಅಳತೆಗೋಲು ಇದೇ. ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಲ್ಲ.

ಅಫಿಡವಿಟ್ ಬರೆಸುವಾಗ

ಕನಿಷ್ಠ ಎರಡು ಬೇಕು. ಬರೆಯುವವರು ಈ ಅರ್ಜಿಯಲ್ಲಿ ಪಾಲುದಾರರಾಗಿರಬಾರದು. ಅಂದರೆ ನೀವೂ ಅಲ್ಲ, ನಿಮ್ಮ ಈಗಿನ ಸಂಗಾತಿಯೂ ಅಲ್ಲ. ಅವರಿಗೆ ವಿಷಯ ನೇರವಾಗಿ ಗೊತ್ತಿರಬೇಕು. ಯಾರೋ ಹೇಳಿದ್ದು ಕೇಳಿ ಗೊತ್ತಾದದ್ದು ನಡೆಯುವುದಿಲ್ಲ.

ಬಹಳ ಅಫಿಡವಿಟ್‌ಗಳು ಹೀಗಿರುತ್ತವೆ: "ಇವರು ನನಗೆ ಹಲವು ವರ್ಷದಿಂದ ಪರಿಚಯ. ಇವರಿಗೆ ಡಿವೋರ್ಸ್ ಆಗಿರುವುದು ನಿಜ. ಇವರು ಒಳ್ಳೆಯವರು." ಇದರಿಂದ ಉಪಯೋಗವಿಲ್ಲ. ಒಳ್ಳೆಯವರೋ ಅಲ್ಲವೋ ಯಾರೂ ಕೇಳಿಲ್ಲ.

ಹೀಗೆ ಬರೆದರೆ ಬೇರೆ: "ನಾನು ಅರ್ಜಿದಾರರ ಅಣ್ಣ. 1996ರ ಮಾರ್ಚಿನಲ್ಲಿ ಕೊನೆಯ ವಿಚಾರಣೆಯ ದಿನ ನಾನು ಅವರ ಜೊತೆ ಕೋರ್ಟಿಗೆ ಹೋಗಿದ್ದೆ. ನ್ಯಾಯಾಧೀಶರು ವಿಚ್ಛೇದನ ಮಂಜೂರು ಮಾಡಿದ್ದನ್ನು ನಾನು ಅಲ್ಲೇ ಕೂತು ಕೇಳಿದೆ. ಎರಡು ವಾರದ ನಂತರ ನಕಲು ತರಲು ನಾನೇ ಹೋಗಿದ್ದೆ." ಇದರ ಜೊತೆ ಬರೆದವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ನಿಮಗೆ ಏನಾಗಬೇಕು ಅನ್ನುವುದು ಇರಲಿ. ಪ್ರಮಾಣ ಮಾಡಿದ ಸಹಿ ಇರಲಿ. ದಿನ ನೆನಪಿಲ್ಲದಿದ್ದರೆ ತಿಂಗಳು, ಅದೂ ಇಲ್ಲದಿದ್ದರೆ ಯಾವ ಘಟನೆಯ ಆಸುಪಾಸು ಅಂತ ಬರೆಯಲಿ. ನೀವು ಬಾಯಿಪಾಠ ಮಾಡಿಸಿದ ತಾರೀಕು ಇಬ್ಬರ ಅಫಿಡವಿಟ್‌ನಲ್ಲೂ ಒಂದೇ ವಾಕ್ಯದಲ್ಲಿ ಬಂದರೆ ಅನುಮಾನ ಬರುತ್ತದೆ, ಅಲ್ವಾ?

ಜಾಗರೂಕತೆ ಬೇಕಾದ ಕೇಸುಗಳು

ಇಬ್ಬರೂ ವಾಸವಿಲ್ಲದ ಮೂರನೇ ದೇಶದಲ್ಲಿ ತೆಗೆದುಕೊಂಡ ಡಿವೋರ್ಸ್ ಮೊದಲನೆಯದು. 1960ರ ದಶಕದಲ್ಲಿ ಎಷ್ಟೋ ಜನ ಗಡಿ ದಾಟಿ ಮೆಕ್ಸಿಕೋದ ಸ್ಯುಡಾಡ್ ಹ್ವಾರೆಸ್‌ಗೆ ಹೋಗಿ ದಿಢೀರ್ ಡಿವೋರ್ಸ್ ತಂದದ್ದುಂಟು. ಇಂಥದ್ದರಲ್ಲಿ ಕಾಗದ ಅಸಲಿಯಾಗಿದ್ದರೂ ಸಾಲುವುದಿಲ್ಲ. ಕೊಟ್ಟ ದೇಶದ ಕಾನೂನು ಒಪ್ಪಬೇಕು. ಮರುಮದುವೆ ಅಮೆರಿಕದಲ್ಲಾಗಿದ್ದರೆ ಆ ರಾಜ್ಯವೂ ಆ ಡಿವೋರ್ಸನ್ನು ಮಾನ್ಯ ಮಾಡುತ್ತದೆಯೇ ಅಂತ ನೋಡುತ್ತಾರೆ. 1987ರ ಹೊಸೈನಿಯನ್ ಪ್ರಕರಣದಲ್ಲಿ ವಲಸೆ ಮೇಲ್ಮನವಿ ಮಂಡಳಿ ಇದನ್ನೇ ಹೇಳಿತು. ರಾಜ್ಯದಿಂದ ರಾಜ್ಯಕ್ಕೆ ಉತ್ತರ ಬೇರೆಯಾಗಬಹುದು.

ಹಿರಿಯರು ಕೂತು ಬಿಡಿಸಿದ ಸಂಪ್ರದಾಯದ ಡಿವೋರ್ಸ್ ಎರಡನೆಯದು. ಇವು ಎಲ್ಲ ಕಡೆ ಅಮಾನ್ಯ ಅಂತೇನಿಲ್ಲ. ಘಾನಾದ ವಿಷಯದಲ್ಲಿ 2008ರ ಕೊಡ್ವೊ ಪ್ರಕರಣದಲ್ಲಿ ಎರಡೂ ಮನೆಯ ಹಿರಿಯರ ಅಫಿಡವಿಟ್ ಸರಿಯಾದ ವಿವರಗಳೊಂದಿಗೆ ಇದ್ದರೆ ಸಾಕಾಗಬಹುದು ಅಂತ ಅದೇ ಮಂಡಳಿ ಒಪ್ಪಿದೆ. ಭಾರತದ ಹಿಂದೂ ವಿವಾಹ ಕಾಯ್ದೆಯ 29(2) ಕೂಡ ರೂಢಿಯ ವಿಚ್ಛೇದನವನ್ನು ಉಳಿಸಿದೆ. ಆದರೆ ಆ ಸಮುದಾಯದಲ್ಲಿ ಆ ರೂಢಿ ಇದೆ ಅಂತ ನೀವು ಸಾಬೀತು ಮಾಡಬೇಕು. ಬೇರೆ ದೇಶದ ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಪುರಾವೆ ಕೊಟ್ಟು ತೋರಿಸಬೇಕಾದವರು ಅರ್ಜಿದಾರರೇ. ಅಲ್ಲಿನ ಕಾಯ್ದೆಯ ಪುಟ, ಅಲ್ಲಿನ ಲಾಯರ ಅಭಿಪ್ರಾಯ ಸೇರಿಸಿ. ಚರ್ಚಿನಲ್ಲಿ ಮಾತ್ರ ಆದ ರದ್ದತಿಗೆ ಸಾಮಾನ್ಯವಾಗಿ ಸಿವಿಲ್ ಕಾನೂನಿನ ಬಲ ಇರುವುದಿಲ್ಲ.

ಮೂರನೆಯದು ಗಂಭೀರ. ಹಳೆಯ ವೀಸಾ ಅರ್ಜಿಯಲ್ಲಿ ಆ ಮದುವೆಯ ಸುದ್ದಿಯನ್ನೇ ಎತ್ತಿರಲಿಲ್ಲವೇ? ಏಜೆಂಟ್ ಬೇಡ ಅಂದಿದ್ದ, ಅದಕ್ಕೆ ಬರೆಯಲಿಲ್ಲ ಅನ್ನುವವರು ಇದ್ದಾರೆ. ಈಗ ಡಿಕ್ರಿ ಕಳಿಸಿದರೆ ಹಿಂದೆ ಮುಚ್ಚಿಟ್ಟದ್ದೂ ಹೊರಗೆ ಬರುತ್ತದೆ, ಕಳಿಸದಿದ್ದರೆ ಈಗಿನ ಅರ್ಜಿ ನಿಲ್ಲುತ್ತದೆ. ಸುಳ್ಳು ಮಾಹಿತಿ ಕೊಟ್ಟ ಆರೋಪ ಇಡೀ ವಲಸೆಗೇ ಕುತ್ತಾಗಬಹುದು. ಈ ಸ್ಥಿತಿಯಲ್ಲಿ ನೀವಾಗಿ ಏನೂ ಕಳಿಸಬೇಡಿ. ವಲಸೆ ಲಾಯರು ಅಥವಾ ನ್ಯಾಯಾಂಗ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಯ ಹತ್ತಿರ ಹೋಗಿ. ಫಾರಂ ತುಂಬಿಕೊಡುವ ನೋಟರಿ ಅಂಗಡಿ ಸಾಲದು.

ಉತ್ತರ ಕಳಿಸುವಾಗ

ಇಂಗ್ಲಿಷಿನಲ್ಲಿ ಇಲ್ಲದ ಪ್ರತಿಯೊಂದು ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಸಾರಾಂಶ ನಡೆಯುವುದಿಲ್ಲ. ಸೀಲಿನೊಳಗಿನ ಅಕ್ಷರ, ಮಾರ್ಜಿನ್‌ನ ಷರಾ, ಕೈಬರಹದ ತಾರೀಕು ಎಲ್ಲ ಬರಬೇಕು. ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಆ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ನನಗಿದೆ ಅಂತ ಅನುವಾದಕರು ಬರೆದು ಸಹಿ ಹಾಕಬೇಕು. ಅವರಿಗೆ ಸರ್ಕಾರಿ ಲೈಸೆನ್ಸ್ ಬೇಕಿಲ್ಲ. ಭಾಷೆ ಬಲ್ಲ ಸ್ನೇಹಿತರೂ ಮಾಡಬಹುದು. ನೀವೇ ಮಾಡಿಕೊಳ್ಳದಿರುವುದು ಮೇಲು. ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸಲು ಆ ದೇಶದ ಸರ್ಕಾರ ಹಾಕುವ ಮುದ್ರೆಗೆ ದುಡ್ಡು ಸುರಿಯುವ ಮುಂಚೆ ನಿಮ್ಮ ನೋಟಿಸಿನಲ್ಲಿ ಕೇಳಿದ್ದಾರಾ ನೋಡಿ, ಯುಎಸ್‌ಸಿಐಎಸ್ ಸಾಮಾನ್ಯವಾಗಿ ಕೇಳುವುದಿಲ್ಲ.

ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದ್ದರೆ ಒಂದು ಪುಟದ ವಿವರಣೆ ಇರಲಿ. ಇನಿಷಿಯಲ್ ಬಿಡಿಸಿ ಬರೆದದ್ದು, ಮದುವೆಯ ನಂತರದ ಹೆಸರು, ಎಲ್ಲವೂ ಒಬ್ಬರದೇ ಅಂತ ಆಧಾರ ಸಮೇತ.

ನೋಟಿಸು ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೇಳುವ ನೋಟಿಸು, ಆಗಿದ್ದರೆ ಗಡುವು ಹೆಚ್ಚೆಂದರೆ 84 ದಿನ, ಅಂಚೆಗೆ ಕೆಲವು ದಿನ ಸೇರಬಹುದು. ತಿರಸ್ಕರಿಸುವ ಉದ್ದೇಶದ ನೋಟಿಸಾದರೆ 30 ದಿನ. ಗಡುವು ವಿಸ್ತರಿಸುವುದಿಲ್ಲ. ನಿಮ್ಮ ನೋಟಿಸಿನಲ್ಲಿ ಬರೆದ ದಿನದೊಳಗೆ ಅವರ ಕೈ ಸೇರಬೇಕು, ಅಂಚೆಗೆ ಹಾಕಿದರೆ ಸಾಲದು. ಉತ್ತರ ಒಂದೇ ಸಲ. ಇಷ್ಟು ಈಗ, ಉಳಿದದ್ದು ಆಮೇಲೆ ಅಂತ ಕಳಿಸಿದರೆ ಮೊದಲ ಕಂತನ್ನೇ ನೋಡಿ ತೀರ್ಮಾನಿಸುತ್ತಾರೆ. ಡಿಕ್ರಿ ಇನ್ನೂ ಬಂದಿಲ್ಲ, ಗಡುವು ಹತ್ತಿರ ಬಂತು ಅಂದರೆ ಅಂದಿನವರೆಗೆ ಸಿಕ್ಕ ಎಲ್ಲವನ್ನೂ, ಹುಡುಕಿದ ಜಾಡಿನ ಜೊತೆ, ಒಟ್ಟಿಗೆ ಕಳಿಸಿ. ಹಾಗೂ ತಿರಸ್ಕಾರವಾದರೆ ಡಿಕ್ರಿ ಸಿಕ್ಕ ಮೇಲೆ ಹೊಸ ಐ-130 ಹಾಕಬಹುದು. ಶುಲ್ಕ ಮತ್ತೆ ಕಟ್ಟಬೇಕು, ಅದೊಂದು ಹೊಟ್ಟೆಉರಿ.

ಡಿಕ್ರಿಯ ಮೂಲ ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಡಿ. ಅವರೇ ಕೇಳದ ಹೊರತು ಸ್ಪಷ್ಟವಾದ ಫೋಟೊಕಾಪಿ ಸಾಕು, ಮೂಲವನ್ನು ಇಂಟರ್‌ವ್ಯೂಗೆ ಒಯ್ಯಿರಿ. ಆದರೆ ದಾಖಲೆ ಇಲ್ಲ ಅನ್ನುವ ಹಿಂಬರಹ ಮಾತ್ರ ಮೂಲವೇ ಹೋಗಬೇಕು. ಆದ್ದರಿಂದ ಆ ಕಚೇರಿಯಲ್ಲಿ ನಿಂತಿರುವಾಗಲೇ ಅದರ ಎರಡು ಮೂಲ ಪ್ರತಿ ಬರೆಸಿಕೊಂಡು ಬನ್ನಿ.